ಕೋಲಾರದ ಹತ್ತು ಲಕ್ಷ ಜನ ಎಲ್ಲಿ ಹೋದರು?

ಕೋಲಾರ ಜಿಲ್ಲೆಯ ಜನಸಂಖ್ಯೆಯನ್ನು ಕುರಿತು ನೀವು ಒಂದು ಪ್ರಬಂಧ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಕುಳಿತು ಸರ್ಚ್ ಎಂಜಿನ್‌ಗೆ ನಾಲ್ಕು ಪದ ಕೊಟ್ಟರೆ ಸಾಕು, ಅಂಕಿಅಂಶಗಳು ಕ್ಷಣದಲ್ಲಿ ಸಿಗುತ್ತವೆ. 2001ರ ಜನಗಣತಿಯಲ್ಲಿ ಸುಮಾರು 25 ಲಕ್ಷ. 2011ರಲ್ಲಿ ಸುಮಾರು 15 ಲಕ್ಷ. ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಜನ ಕಡಿಮೆ! ಚಿನ್ನದ ಗಣಿಗಳು ಮುಚ್ಚಿದ್ದೂ 2001ರಲ್ಲೇ. ‘ಗಣಿ ಮುಚ್ಚಿತು, ಜನ ವಲಸೆ ಹೋದರು’ ಎಂದು ಬರೆದರೆ ಪ್ರಬಂಧ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ತೀರ್ಮಾನ ತಪ್ಪು.

ನಿಜವಾಗಿ ನಡೆದದ್ದೇನು? 2007ರಲ್ಲಿ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಮತ್ತು ಗುಡಿಬಂಡೆ ತಾಲ್ಲೂಕುಗಳು ಬೇರೆಯಾಗಿ ಹೊಸ ಜಿಲ್ಲೆಯಾಯಿತು. 2011ರಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಹನ್ನೆರಡೂವರೆ ಲಕ್ಷ. ಎರಡನ್ನೂ ಕೂಡಿಸಿ ನೋಡಿ: 28 ಲಕ್ಷದ ಹತ್ತಿರ ಬರುತ್ತದೆ. ಅಂದರೆ ಜನಸಂಖ್ಯೆ ಇಳಿದಿಲ್ಲ, ಏರಿದೆ.

ಹಾಗಾದರೆ ಸರ್ಚ್ ಎಂಜಿನ್ ಸುಳ್ಳು ಹೇಳಿತೇ? ಇಲ್ಲ. ಅದು ಅಂತರ್ಜಾಲದ ಪುಟಗಳನ್ನು ಮೊದಲೇ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ದೊಡ್ಡ ಸೂಚಿಯೊಂದನ್ನು ಸಿದ್ಧಪಡಿಸಿಕೊಂಡಿರುತ್ತದೆ. ನಿಮ್ಮ ಪ್ರಶ್ನೆಗೆ ಹೊಂದುವ ಪುಟಗಳನ್ನು ಆರಿಸಿ, ಇತರ ಪುಟಗಳು ಅವನ್ನು ಎಷ್ಟು ಉಲ್ಲೇಖಿಸಿವೆ ಎಂಬಂಥ ಹಲವು ಅಂಶಗಳನ್ನು ಲೆಕ್ಕಹಾಕಿ ಸಾಲಾಗಿ ಜೋಡಿಸುತ್ತದೆ. ಎರಡು ಅಂಕಿಗಳೂ ಒಂದೇ ಭೂಭಾಗಕ್ಕೆ ಸೇರಿದವೇ ಎಂದು ವಿಚಾರಿಸುವ ಹೊಣೆ ಓದುವವರದು.

ಇಲ್ಲಿ ಗ್ರಂಥಾಲಯ ನೆರವಿಗೆ ಬರುತ್ತದೆ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಅಂಕಿಯ ಜೊತೆಗೆ ನಕ್ಷೆ ಇದೆ, ತಾಲ್ಲೂಕುವಾರು ಪಟ್ಟಿ ಇದೆ. ಪಟ್ಟಿಯ ಮೇಲೆ ಕಣ್ಣಾಡಿಸಿದರೂ ಸಾಕು, ಆರು ತಾಲ್ಲೂಕುಗಳು ಕಾಣೆಯಾಗಿರುವುದು ಗೊತ್ತಾಗುತ್ತದೆ. ಪುಸ್ತಕಕ್ಕೂ ಮಿತಿ ಉಂಟು. 1968ರ ಕೋಲಾರ ಜಿಲ್ಲಾ ಗೆಜೆಟಿಯರ್ ಅವಿಭಜಿತ ಜಿಲ್ಲೆಯನ್ನು ವಿವರವಾಗಿ ಪರಿಚಯಿಸುತ್ತದೆ. 2007ರ ಬದಲಾವಣೆ ಅದರಲ್ಲಿ ಇರಲು ಸಾಧ್ಯವಿಲ್ಲ. ಅದಕ್ಕೆ ಮತ್ತೆ ಅಂತರ್ಜಾಲಕ್ಕೇ ಬರಬೇಕು.

ಎರಡೂ ಒಂದಕ್ಕೊಂದು ಪೂರಕ ಎಂಬುದಕ್ಕೆ ಮುಳಬಾಗಿಲು ಇನ್ನೊಂದು ಉದಾಹರಣೆ. ವಿಜಯನಗರ ಕಾಲದ ಶಾಸನಗಳಲ್ಲಿ ಈ ಊರಿನ ಹೆಸರು ‘ಮುಳುವಾಯಿ’. ಇಂದಿನ ಹೆಸರನ್ನಷ್ಟೇ ಕೊಟ್ಟು ಹುಡುಕಿದರೆ ಆ ಶಾಸನಗಳು ಕಣ್ತಪ್ಪಬಹುದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟ ಕೋಲಾರ ಜಿಲ್ಲೆಯದು, ಅದನ್ನು ತೆರೆದವರಿಗೆ ಹಳೆಯ ಹೆಸರು ಸಿಗುತ್ತದೆ. ಆ ಹೆಸರನ್ನು ಹಿಡಿದು ಹೊರಟರೆ ಅಂತರ್ಜಾಲವೂ ಹೊಸ ಬಾಗಿಲುಗಳನ್ನು ತೆರೆಯುತ್ತದೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಯಾವುದೇ ಅಂಕಿ ಸಿಕ್ಕಾಗ ಮೂರು ಪ್ರಶ್ನೆ ಕೇಳಿ: ಹೇಳಿದವರು ಯಾರು? ಯಾವ ವರ್ಷದ್ದು? ಯಾವ ಗಡಿಗೆ ಸಂಬಂಧಿಸಿದ್ದು? ಉತ್ತರ ಪರದೆಯ ಮೇಲೆ ಸಿಗದಿದ್ದರೆ ನಿಮ್ಮ ಗ್ರಂಥಪಾಲಕರನ್ನು ಕೇಳಿ. ಮೊದಲಿಗೆ ನಿಮ್ಮ ತಾಲ್ಲೂಕಿನ 2001 ಮತ್ತು 2011ರ ಜನಸಂಖ್ಯೆಯನ್ನೇ ಎರಡೂ ಕಡೆ ಹುಡುಕಿ, ಹೋಲಿಸಿ ನೋಡಿ.