ಅಂಗಳಕ್ಕೆ ಡಾಂಬರು: ಕಾಂಟ್ರ್ಯಾಕ್ಟರ್ ಕೈಗೆ ಅಡ್ವಾನ್ಸ್ ಕೊಡೋ ಮುಂಚೆ

ಊರಲ್ಲಿ ಅಪ್ಪ ಕಟ್ಟಿಸಿದ ಕಲ್ಯಾಣ ಮಂಟಪ, ಅಣ್ಣ-ತಮ್ಮ ಸೇರಿ ಶುರು ಮಾಡಿದ ಗೋಡೌನ್, ಚಿಕ್ಕಪ್ಪನ ಶಾಪಿಂಗ್ ಕಾಂಪ್ಲೆಕ್ಸ್, ಅತ್ತೆ ನಡೆಸೋ ಸ್ಕೂಲು. ಇವೆಲ್ಲದರ ಮುಂದೆಯೂ ಒಂದು ಅಂಗಳ ಇರುತ್ತೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಒಂದು ದಿನ ಮನೆಯವರೆಲ್ಲ ಕೂತು "ಈ ಸಲ ಟಾರು ಹಾಕಿಸಿಬಿಡೋಣ" ಅಂತ ತೀರ್ಮಾನ ಮಾಡ್ತಾರೆ. ಜವಾಬ್ದಾರಿ ಬಂದು ಬೀಳೋದು ಮಾತ್ರ ನಿಮ್ಮ ತಲೆ ಮೇಲೆ: "ನೀನು ಓದಿದೋನು, ನಾಲ್ಕು ಕೊಟೇಶನ್ ತರಿಸಿ ನೋಡಪ್ಪ."

ಕೊಟೇಶನ್ ಬರುತ್ತೆ. ಬಹಳ ಸಲ ವಾಟ್ಸಾಪ್‌ನಲ್ಲಿ ಒಂದೇ ಸಾಲು: "ಡಾಂಬರು ಕೆಲಸ, ಚದರ ಅಡಿಗೆ ಇಷ್ಟು." ಯಾರದ್ದು ಕಡಿಮೆಯೋ ಅವರಿಗೆ ಹೂಂ ಅಂದುಬಿಟ್ಟರೆ, ಎರಡನೇ ಮಳೆಗಾಲಕ್ಕೆ ಜಲ್ಲಿ ಎದ್ದು ಅಂಗಳದ ತುಂಬಾ ಗುಂಡಿ. ಹೋಗೋದು ಮನೆಯವರ ಲಕ್ಷಗಟ್ಟಲೆ ದುಡ್ಡು, ಜೊತೆಗೆ "ನಿನ್ನ ನಂಬಿ ಕೊಟ್ವಿ" ಅನ್ನೋ ಮಾತು. ಹಾಗಾಗಿ ಸಿವಿಲ್ ಇಂಜಿನಿಯರ್ ಅಲ್ಲದವರೂ ತಿಳಿದಿರಬೇಕಾದ ನಾಲ್ಕು ವಿಷಯ ಇಲ್ಲಿವೆ.

ಮೊದಲು, ಡಾಂಬರೇ ಬೇಕಾ?

ನಾವು ಟಾರು, ಡಾಂಬರು ಅಂತ ಕರೆಯೋದು ಇವತ್ತು ಬಿಟುಮಿನ್. ಕಚ್ಚಾ ತೈಲ ಶುದ್ಧೀಕರಿಸುವಾಗ ಕೊನೆಗೆ ಉಳಿಯುವ ಕಪ್ಪು ಅಂಟು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಇದು ತಯಾರಾಗುತ್ತೆ. ಜಲ್ಲಿ, ಜಲ್ಲಿಪುಡಿ ಜೊತೆ ಇದನ್ನು ಬಿಸಿಯಾಗಿ ಕಲಸಿ ಹಾಸಿ, ರೋಲರ್ ಓಡಿಸಿದರೆ ಅದೇ ಡಾಂಬರು ನೆಲ.

ದೊಡ್ಡ ಅಂಗಳ, ಕಾರು-ಬೈಕು ಓಡಾಟ, ಬೇಗ ಕೆಲಸ ಮುಗಿಯಬೇಕು ಅಂದ್ರೆ ಡಾಂಬರು ಒಳ್ಳೆಯ ಆಯ್ಕೆ. ಕಾಂಕ್ರೀಟಿನ ಹಾಗೆ ವಾರಗಟ್ಟಲೆ ನೀರು ಕಟ್ಟಿ ಕಾಯಬೇಕಾಗಿಲ್ಲ. ಗುಂಡಿ ಬಿದ್ದರೆ ಅಷ್ಟು ಜಾಗ ಕತ್ತರಿಸಿ ತೇಪೆ ಹಾಕಬಹುದು.

ಆದರೆ ಎಲ್ಲ ಕಡೆಗೂ ಅಲ್ಲ. ಡೀಸೆಲ್, ಆಯಿಲ್ ಸೋರುವ ಜಾಗಕ್ಕೆ ಡಾಂಬರು ಹಾಕಿಸಬೇಡಿ. ಎರಡೂ ಒಂದೇ ಕಚ್ಚಾ ತೈಲದ ಮಕ್ಕಳು. ಸೋರಿದ ಡೀಸೆಲ್ ಬಿಟುಮಿನ್ನನ್ನು ಕರಗಿಸಿ ಜಲ್ಲಿಯನ್ನು ಸಡಿಲ ಮಾಡುತ್ತೆ. ಲಾರಿ ನಿಂತು ಲೋಡು ಇಳಿಸುವ ಕಡೆ, ಜನರೇಟರ್ ಪಕ್ಕ, ಗ್ಯಾರೇಜ್ ಮುಂದೆ ಕಾಂಕ್ರೀಟೇ ಸರಿ. ಪೈಪು, ಕೇಬಲ್ಲು ಅಂತ ಪದೇ ಪದೇ ಅಗೆಯೋ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸ್ ಅನುಕೂಲ, ಕಿತ್ತು ಮತ್ತೆ ಜೋಡಿಸಬಹುದು. ಬೈಕ್ ಸಾಲಾಗಿ ನಿಲ್ಲುವ ಜಾಗಕ್ಕೂ ಅದೇ ವಾಸಿ. ಏಪ್ರಿಲ್ ಬಿಸಿಲಲ್ಲಿ ಸೈಡ್ ಸ್ಟ್ಯಾಂಡ್ ಡಾಂಬರಿನೊಳಗೆ ಇಳಿದು ಬೈಕ್ ಮಗುಚಿಕೊಳ್ಳೋದನ್ನ ನೀವೂ ನೋಡಿರ್ತೀರಿ. ಒಂದೇ ಅಂಗಳದಲ್ಲಿ ಮೂರನ್ನೂ ಹಂಚಿಕೊಂಡರೆ ತಪ್ಪೇನಿಲ್ಲ.

ಕಾಣೋದು ಕಪ್ಪು, ಭಾರ ಹೊರೋದು ಕೆಳಗಿನದ್ದು

ಡಾಂಬರು ಹೊದಿಕೆ ಮಾತ್ರ. ಗಾಡಿಯ ಭಾರವನ್ನು ನಿಜವಾಗಿ ಹೊರೋದು ಅದರ ಕೆಳಗಿನ ಪದರಗಳು. ಮೊದಲು ಮಣ್ಣು ಸಮ ಮಾಡಿ ರೋಲರ್ ಓಡಿಸಬೇಕು. ಅದರ ಮೇಲೆ ಗರಸು ಅಥವಾ ದಪ್ಪ ಜಲ್ಲಿಯ ಪದರ. ಅದರ ಮೇಲೆ ವೆಟ್ ಮಿಕ್ಸ್, ಅಂದರೆ ಬೇರೆ ಬೇರೆ ಗಾತ್ರದ ಜಲ್ಲಿಯನ್ನು ನೀರಿನ ಜೊತೆ ಕಲಸಿ ಗಟ್ಟಿಯಾಗಿ ಅದುಮಿದ ಪದರ. ಆಮೇಲಷ್ಟೇ ಡಾಂಬರು.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಈ ಮಾತು ಇನ್ನೂ ಮುಖ್ಯ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತೆ. ಮೇಲೆ ಎಷ್ಟೇ ಒಳ್ಳೆ ಡಾಂಬರು ಹಾಕಿದರೂ ಕೆಳಗಿನ ನೆಲವೇ ಅಲುಗಾಡಿದರೆ ಅದು ಉಳಿಯಲ್ಲ. ಮೇಲಿನ ಎರೆಮಣ್ಣು ತೆಗೆದು ಗರಸು ತುಂಬೋದೋ, ಸುಣ್ಣ ಬೆರೆಸಿ ಮಣ್ಣನ್ನು ಗಟ್ಟಿ ಮಾಡೋದೋ ಅಂತ ಕಾಂಟ್ರ್ಯಾಕ್ಟರ್ ತಾನಾಗಿ ಮಾತೆತ್ತಬೇಕು. ಎತ್ತದಿದ್ದರೆ ನೀವು ಎತ್ತಿ.

ಈಗಾಗಲೇ ಹಳೆ ಡಾಂಬರು ಇದೆಯಾ? ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟ ಜಾಗದಲ್ಲಿ ಸಾಮಾನ್ಯವಾಗಿ ಕೆಳಗಿನ ಪದರವೇ ಸೋತಿರುತ್ತೆ. "ಮೇಲೊಂದು ಕೋಟ್ ಎಳೆದುಬಿಡೋಣ ಸಾರ್" ಅಂದರೆ ಒಪ್ಪಬೇಡಿ. ಅಷ್ಟು ಜಾಗ ಅಗೆದು ಕೆಳಗಿನಿಂದ ಕಟ್ಟಬೇಕು. ಮೇಲೆ ಮೇಲೆ ಪದರ ಹಾಕುತ್ತಾ ಹೋದರೆ ಅಂಗಳದ ಮಟ್ಟ ಏರಿ, ಮಳೆನೀರು ಅಂಗಡಿ ಶಟರ್ ಕೆಳಗೆ ನುಗ್ಗುತ್ತೆ ಅನ್ನೋದೂ ನೆನಪಿರಲಿ.

ಇನ್ನು ಇಳಿಜಾರು. ಡಾಂಬರಿನ ದೊಡ್ಡ ಶತ್ರು ನಿಂತ ನೀರು. 50 ಅಡಿ ದೂರಕ್ಕೆ ಸುಮಾರು 1 ಅಡಿ ಇಳಿಜಾರು ಇದ್ದರೆ ನೀರು ತಾನಾಗಿ ಹರಿಯುತ್ತೆ. ಹರಿದು ಎಲ್ಲಿಗೆ ಹೋಗುತ್ತೆ ಅನ್ನೋದೂ ಮೊದಲೇ ಗೊತ್ತಾಗಲಿ: ಚರಂಡಿಗಾ, ಇಂಗುಗುಂಡಿಗಾ, ಪಕ್ಕದವರ ಕಾಂಪೌಂಡಿಗಾ? ನೀರಿನ ಪೈಪು, ಯುಜಿಡಿ, ಸಿಸಿ ಕ್ಯಾಮೆರಾ ಕೇಬಲ್ಲು, ಮುಂದೆ ಬೇಕಾಗಬಹುದಾದ ಚಾರ್ಜಿಂಗ್ ಪಾಯಿಂಟ್‌ಗೆ ಖಾಲಿ ಪೈಪು, ಎಲ್ಲ ಮೊದಲೇ ಹೂತುಬಿಡಿ. ಮರ ಇದ್ದರೆ ಬುಡದ ಸುತ್ತ ಮಣ್ಣು ಬಿಡಿ.

ಚದರ ಅಡಿ ಲೆಕ್ಕ, ಟನ್ ಲೆಕ್ಕ

ಕೊಟೇಶನ್‌ಗಳಲ್ಲಿ ಎಡವೋದು ಇಲ್ಲೇ. ಒಬ್ಬರು 40 ಮಿ.ಮೀ. ದಪ್ಪಕ್ಕೆ ರೇಟು ಹಾಕಿರ್ತಾರೆ, ಇನ್ನೊಬ್ಬರು 25 ಮಿ.ಮೀ.ಗೆ. ಕಾಗದದಲ್ಲಿ ದಪ್ಪವೇ ಬರೆದಿಲ್ಲದಿದ್ದರೆ ಎರಡನೆಯವರು "ಕಡಿಮೆ" ಅನ್ನಿಸ್ತಾರೆ.

ಒಂದು ಸುಲಭ ಲೆಕ್ಕ ಫೋನಲ್ಲಿ ಬರೆದಿಟ್ಟುಕೊಳ್ಳಿ. ಗಟ್ಟಿಯಾಗಿ ಅದುಮಿದ ಡಾಂಬರು ಮಿಶ್ರಣ 1 ಚದರ ಅಡಿಗೆ, 10 ಮಿ.ಮೀ. ದಪ್ಪಕ್ಕೆ ಸುಮಾರು 2.2 ಕೆ.ಜಿ. ತೂಗುತ್ತೆ. ಅಂದರೆ 10,000 ಚದರ ಅಡಿ ಅಂಗಳಕ್ಕೆ 40 ಮಿ.ಮೀ. ಹಾಕಿದರೆ ಸುಮಾರು 88 ಟನ್ ಮಾಲು ಬರಬೇಕು. 25 ಮಿ.ಮೀ. ಹಾಕಿದರೆ 55 ಟನ್ ಸಾಕು. 33 ಟನ್ ವ್ಯತ್ಯಾಸ! ಮೇಲಿಂದ ನೋಡಿದರೆ ಎರಡೂ ಒಂದೇ ಕಪ್ಪು.

ಹಾಗಾಗಿ ಎರಡು ಮಾತು ಬರಹದಲ್ಲಿ ಇರಲಿ. ಒಂದು, ದಪ್ಪ ಅಂದರೆ "ರೋಲರ್ ಓಡಿಸಿದ ಮೇಲಿನ ದಪ್ಪ". ಸಡಿಲವಾಗಿ 50 ಮಿ.ಮೀ. ಸುರಿದದ್ದು ಅದುಮಿದ ಮೇಲೆ ಸುಮಾರು 40ಕ್ಕೆ ಇಳಿಯುತ್ತೆ. ಇನ್ನೊಂದು, ಬರುವ ಪ್ರತಿ ಲಾರಿಯ ತೂಕದ ಚೀಟಿ ನಿಮಗೆ ಕೊಡಬೇಕು. ಸಂಜೆ ಎಲ್ಲ ಚೀಟಿ ಕೂಡಿಸಿದರೆ ದಪ್ಪ ತಾನಾಗಿ ಗೊತ್ತಾಗುತ್ತೆ.

ರೇಟು ಹೆಚ್ಚೋ ಕಡಿಮೆಯೋ ಅನ್ನೋ ಅನುಮಾನ ಇದ್ದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಪಿಡಬ್ಲ್ಯುಡಿ ಎಸ್‌ಆರ್, ನೋಡಿ. ಯಾವ ಕೆಲಸಕ್ಕೆ ಎಷ್ಟು ಅಂತ ಅದರಲ್ಲಿ ಬಿಡಿಬಿಡಿಯಾಗಿ ಇರುತ್ತೆ. ಸಣ್ಣ ಅಂಗಳಕ್ಕೆ ರೋಲರ್, ಪೇವರ್ ತರಿಸೋ ಖರ್ಚು ಹಂಚಿಹೋಗದ ಕಾರಣ ರೇಟು ಸ್ವಲ್ಪ ಜಾಸ್ತಿಯೇ ಆಗುತ್ತೆ, ಅದು ಸಹಜ. ತೈಲ ಕಂಪನಿಗಳು ಬಿಟುಮಿನ್ ಬೆಲೆಯನ್ನು ತಿಂಗಳಿಗೆ ಎರಡು ಸಲ ಬದಲಿಸುತ್ತವೆ. ಆದ್ದರಿಂದ ಕೊಟೇಶನ್ ಎಷ್ಟು ದಿನ ಊರ್ಜಿತ, ಜಿಎಸ್‌ಟಿ ಸೇರಿದೆಯಾ ಇಲ್ವಾ ಅಂತಲೂ ಕೇಳಿ.

ಯಾವ ತಿಂಗಳು?

ಮಳೆ ಬರುವಾಗ, ನೆಲ ಒದ್ದೆಯಿದ್ದಾಗ ಡಾಂಬರು ಹಾಕಬಾರದು. ಒದ್ದೆ ನೆಲಕ್ಕೆ ಅದು ಅಂಟಲ್ಲ. ದೀಪಾವಳಿ ಮುಗಿದು ಮಳೆ ನಿಂತ ಮೇಲಿಂದ ಮುಂಗಾರಿಗೆ ಮುಂಚಿನವರೆಗೆ ಒಳ್ಳೆಯ ಕಾಲ.

ಕಲ್ಯಾಣ ಮಂಟಪ ಇರೋರು "ಆಷಾಢದಲ್ಲಿ ಮದುವೆ ಇರಲ್ಲ, ಆಗ ಹಾಕಿಸೋಣ" ಅಂತ ಯೋಚಿಸೋದುಂಟು. ಆದರೆ ಆಷಾಢ ಅಂದರೆ ಜಡಿಮಳೆ ಕಾಲ. ಅದರ ಬದಲು ಧನುರ್ಮಾಸ ನೋಡಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆಯೂ ಇಲ್ಲ, ಸಾಮಾನ್ಯವಾಗಿ ಮಳೆಯೂ ಇಲ್ಲ. ಸ್ಕೂಲಿಗೆ ಏಪ್ರಿಲ್-ಮೇ ರಜೆ ಸರಿ, ಆದರೆ ಮಧ್ಯಾಹ್ನದ ಮುಂಗಾರುಪೂರ್ವ ಮಳೆಗೆ ಎಚ್ಚರ.

ಕಾಂಟ್ರ್ಯಾಕ್ಟರ್‌ಗೆ ಕೇಳಬೇಕಾದ ಆರು ಪ್ರಶ್ನೆ

1. *ಎರಡು ಮಳೆಗಾಲ ಕಂಡ ನಿಮ್ಮ ಕೆಲಸ ಎಲ್ಲಿದೆ?* ಹೋದ ತಿಂಗಳು ಮಾಡಿದ್ದು ಯಾರದ್ದಾದರೂ ಚೆನ್ನಾಗೇ ಕಾಣುತ್ತೆ. ಹಳೆಯದನ್ನು ತೋರಿಸಲಿ. ಮಳೆ ಬಂದ ಮಾರನೇ ದಿನ ಹೋಗಿ ನೋಡಿದರೆ ಇನ್ನೂ ಒಳ್ಳೆಯದು. ಮಾಲೀಕರಿಗಿಂತ ಅಲ್ಲಿನ ಸೆಕ್ಯೂರಿಟಿ ಅಣ್ಣನನ್ನು ಮಾತಾಡಿಸಿ, ನೀರು ಎಲ್ಲಿ ನಿಲ್ಲುತ್ತೆ ಅಂತ ಅವರಿಗೇ ಗೊತ್ತಿರುತ್ತೆ.

2. *ಮಾಲು ಯಾವ ಪ್ಲಾಂಟಿಂದ ಬರುತ್ತೆ, ಎಷ್ಟು ದೂರ?* ಸ್ವಂತ ಹಾಟ್ ಮಿಕ್ಸ್ ಪ್ಲಾಂಟ್ ಇರಲೇಬೇಕು ಅಂತೇನಿಲ್ಲ. ಆದರೆ ದೂರ ಹೆಚ್ಚಿ, ಟ್ರಾಫಿಕ್‌ನಲ್ಲಿ ಲಾರಿ ಸಿಕ್ಕಿಕೊಂಡರೆ ಮಾಲು ತಣ್ಣಗಾಗುತ್ತೆ.

3. *ಯಾವ ಗ್ರೇಡ್ ಬಿಟುಮಿನ್?* ಸಾಮಾನ್ಯ ಬಳಕೆಗೆ ವಿಜಿ-30. ಭಾರಿ ಲಾರಿಗಳು ಓಡಾಡಿ, ನಿಂತು ತಿರುಗುವ ಕಡೆಗೆ ವಿಜಿ-40 ಬೇಕಾಗಬಹುದು. ಉತ್ತರ ಥಟ್ಟಂತ ಬರಬೇಕು.

4. *ಪೇವರ್ ಮೆಷಿನ್ನಾ, ಕೈಕೆಲಸವಾ? ರೋಲರ್ ಎಷ್ಟು ಟನ್ನಿನದ್ದು?* ಮೂಲೆ, ಸಂದುಗಳಲ್ಲಿ ಕೈಕೆಲಸ ಸರಿ. ದೊಡ್ಡ ಅಂಗಳ ಪೂರ್ತಿ ಕೈಯಲ್ಲೇ ಹಾಸಿದರೆ ಉಬ್ಬುತಗ್ಗು ಖಂಡಿತ.

5. *ಕೆಲಸ ನೀವೇ ಮಾಡ್ತೀರಾ, ಬೇರೆಯವರಿಗೆ ಕೊಡ್ತೀರಾ?* ಲೋಕೋಪಯೋಗಿ ಇಲಾಖೆಯಲ್ಲಿ ನೋಂದಾಯಿತ ಕ್ಲಾಸ್ ಒನ್ ಕಾಂಟ್ರ್ಯಾಕ್ಟರ್ ಅಂತ ಕಾರ್ಡ್ ಕೊಟ್ಟು, ಸ್ಥಳಕ್ಕೆ ಮತ್ತೊಬ್ಬರನ್ನು ಕಳಿಸೋದುಂಟು. ದಿನವಿಡೀ ಅಲ್ಲಿ ನಿಲ್ಲೋರು ಯಾರು, ಅವರ ನಂಬರ್ ಬೇಕು.

6. *ಕಿತ್ತುಹೋದರೆ?* ಸರ್ಕಾರಿ ರಸ್ತೆಗಳಿಗೆ ದೋಷ ಹೊಣೆಗಾರಿಕೆ ಅವಧಿ ಅಂತ ಇರುತ್ತೆ. ನಿಮ್ಮ ಅಂಗಳಕ್ಕೂ ಕೇಳಿ. ಕಡೇಪಕ್ಷ ಒಂದು ಪೂರ್ತಿ ಮಳೆಗಾಲ.

ಒಬ್ಬರಿಂದ ಮಾತ್ರ ದೂರ ಇರಿ. "ಪಕ್ಕದ ರೋಡ್ ಕೆಲಸಕ್ಕೆ ಬಂದ ಲೋಡ್ ಉಳಿದಿದೆ ಸಾರ್, ಅರ್ಧ ರೇಟಿಗೆ ಹಾಕ್ಕೊಡ್ತೀವಿ, ಈಗಲೇ ಹೇಳಿ" ಅನ್ನೋರು. ಸರ್ಕಾರಿ ಕೆಲಸಕ್ಕೆ ಬಂದ ಮಾಲಾದರೆ ಅದನ್ನು ನಿಮಗೆ ಮಾರೋ ಹಕ್ಕು ಅವರಿಗಿಲ್ಲ. ನಿಮ್ಮ ನೆಲ ತಯಾರೂ ಆಗಿಲ್ಲ, ಮಾಲಿನ ಬಿಸಿಯೂ ಇಳಿದಿರುತ್ತೆ, ನಾಳೆ ಕೇಳೋಕೆ ಆ ಮನುಷ್ಯನೂ ಇರಲ್ಲ.

ಕೆಲಸದ ದಿನ ನೀವು ಅಲ್ಲಿರಿ

ಆ ದಿನ ಒಂದು ರಜೆ ಹಾಕಿ. ನೋಡಬೇಕಾದ್ದು ಇಷ್ಟು.

ನೆಲ ಗುಡಿಸಿ ಧೂಳು ಪೂರ್ತಿ ತೆಗೆದಿರಬೇಕು. ಹಳೆ ಡಾಂಬರಿನ ಮೇಲೆ ಹಾಕೋದಾದರೆ ಮೊದಲು ತೆಳ್ಳಗೆ ಟ್ಯಾಕ್ ಕೋಟ್ ಸಿಂಪಡಿಸ್ತಾರೆ. ಅದು ಸಿಂಪಡಿಸುವಾಗ ಕಂದು ಬಣ್ಣ, ನೀರು ಆರಿದ ಮೇಲೆ ಕಪ್ಪು. ಕಪ್ಪಾದ ಮೇಲೇ ಮಾಲು ಹಾಸಬೇಕು.

ಲಾರಿ ಟಾರ್ಪಾಲು ಹೊದ್ದು ಬರಬೇಕು. ವಿಜಿ-30 ಮಾಲು ಹಾಸುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, 90 ಡಿಗ್ರಿಗೆ ಇಳಿಯೋ ಮುಂಚೆ ರೋಲರ್ ಕೆಲಸ ಮುಗಿಯಬೇಕು. ಥರ್ಮಾಮೀಟರ್ ತರೋಕೆ ಹೇಳಿ, ನಿಮ್ಮ ಮುಂದೆಯೇ ಮಾಲಿನೊಳಗೆ ಚುಚ್ಚಿ ನೋಡಲಿ. ನೀಲಿ ಹೊಗೆ ಏಳ್ತಿದ್ದರೆ ಅತಿಯಾಗಿ ಕಾದಿದೆ ಅಂತ, ಅಂಥ ಬಿಟುಮಿನ್ ಬೇಗ ಪೆಡಸಾಗಿ ಬಿರುಕು ಬಿಡುತ್ತೆ. ಗಂಟುಗಂಟಾಗಿ, ಹೊಳಪಿಲ್ಲದೆ ಬಂದರೆ ತಣ್ಣಗಾಗಿದೆ. ಎರಡನ್ನೂ ವಾಪಸ್ ಕಳಿಸೋ ಹಕ್ಕು ನಿಮಗಿದೆ ಅಂತ ಕರಾರಿನಲ್ಲೇ ಬರೆಸಿರಿ.

ಕೆಲಸದವರ ಕಾಲಲ್ಲಿ ಗಮ್‌ಬೂಟು, ಕೈಯಲ್ಲಿ ಗ್ಲೌಸ್ ಇದೆಯಾ ನೋಡಿ. ಬರಿಗಾಲಲ್ಲಿ ಬಿಸಿ ಡಾಂಬರಿನ ಪಕ್ಕ ನಿಲ್ಲಿಸೋ ಕಾಂಟ್ರ್ಯಾಕ್ಟರ್ ನಿಮ್ಮ ಅಂಗಳಕ್ಕೂ ಅಷ್ಟೇ ಕಾಳಜಿ ತೋರಿಸ್ತಾನೆ. ಯಾರಿಗಾದರೂ ಬಿಸಿ ಡಾಂಬರು ಸಿಡಿದರೆ ತಕ್ಷಣ ತಣ್ಣೀರು ಹರಿಸಿ, ಅಂಟಿದ್ದನ್ನು ಕೀಳಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳು ಆ ದಿನ ಅಜ್ಜಿ ಮನೆಯಲ್ಲಿರಲಿ.

ದುಡ್ಡು ಹಂತ ಹಂತವಾಗಿ

ಪೂರ್ತಿ ಹಣ ಮುಂಗಡ ಬೇಡ. ಸಾಮಾನು ತರೋಕೆ ಸ್ವಲ್ಪ, ಕೆಳಗಿನ ಪದರ ಮುಗಿದ ಮೇಲೆ ಸ್ವಲ್ಪ, ಡಾಂಬರು ಹಾಸಿದ ಮೇಲೆ ದೊಡ್ಡ ಕಂತು. ಕೊನೆಯ ಒಂದು ಭಾಗ ಮಳೆಗಾಲ ಮುಗಿದ ಮೇಲೆ. ಇದನ್ನು ಮೊದಲೇ ಹೇಳಿದರೆ ಯಾರೂ ಬೇಸರ ಮಾಡ್ಕೊಳ್ಳಲ್ಲ, ಕೆಲಸ ಆದ ಮೇಲೆ ಹಿಡಿದುಕೊಂಡರೆ ಜಗಳ. ಪದರಗಳ ದಪ್ಪ, ಬಿಟುಮಿನ್ ಗ್ರೇಡ್, ಇಳಿಜಾರು, ಮುಗಿಸೋ ದಿನ, ಹೊಣೆ ಅವಧಿ, ಎಲ್ಲ ಒಂದೇ ಕಾಗದದಲ್ಲಿ ಇರಲಿ. ಪರಿಚಯದವರು, ನೆಂಟರ ಕಡೆಯವರು ಅಂದರೆ ಇನ್ನೂ ಖಂಡಿತ ಬರೆಸಿ. ಸಂಬಂಧ ಉಳಿಯೋದು ಹಾಗೇ.

ದೊಡ್ಡ ಕಂತು ಕೊಡೋ ಮುಂಚೆ ಎರಡು ಪರೀಕ್ಷೆ. ಡಾಂಬರು ಪೂರ್ತಿ ಆರಿದ ಮೇಲೆ ಒಂದು ಟ್ಯಾಂಕರ್ ನೀರು ಬಿಡಿಸಿ. ಎಲ್ಲಿ ನಿಲ್ಲುತ್ತೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದು, ಸರಿ ಮಾಡಿಸಿ. ದಪ್ಪದ ಬಗ್ಗೆ ಅನುಮಾನ ಇದ್ದರೆ ಒಂದೆರಡು ಕಡೆ ಕೋರ್ ಕತ್ತರಿಸಿ ಅಳೆಸಿ, ಆ ತೂತನ್ನು ಅವರೇ ಮುಚ್ಚಿಕೊಡ್ತಾರೆ.

ಆಮೇಲೆ

ಹೊಸ ಡಾಂಬರಿನ ಮೇಲೆ ಮೊದಲ ದಿನ ಗಾಡಿ ಬಿಡಬೇಡಿ. ಮೊದಲ ಕೆಲವು ವಾರ ನಿಂತಲ್ಲೇ ಸ್ಟೇರಿಂಗ್ ತಿರುಗಿಸೋದು, ಶಾಮಿಯಾನದ ಕಬ್ಬಿಣದ ಗೂಟ ಹೊಡೆಯೋದು ಬೇಡ. ಗೂಟಕ್ಕೆ ಅಂತಲೇ ಅಂಚಿನಲ್ಲಿ ಮಣ್ಣಿನ ಪಟ್ಟಿ ಬಿಟ್ಟರೆ ಚಿಂತೆಯೇ ಇಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅಂಗಳ ಸುತ್ತಿ ಬಂದು ಸಣ್ಣ ಬಿರುಕುಗಳನ್ನು ಮುಚ್ಚಿಸಿ, ಚರಂಡಿಯ ಕಸ ತೆಗೆಸಿ. ಬಿರುಕಿನಿಂದ ಒಳಗಿಳಿದ ನೀರೇ ಮುಂದೆ ಗುಂಡಿ ಆಗೋದು.

ಮುಂದಿನ ಸಲ ವಾಟ್ಸಾಪ್‌ಗೆ ಒಂದು ಸಾಲಿನ ಕೊಟೇಶನ್ ಬಂದರೆ ವಾಪಸ್ ಇಷ್ಟೇ ಕಳಿಸಿ: "ಅದುಮಿದ ಮೇಲೆ ದಪ್ಪ ಎಷ್ಟು, ಒಟ್ಟು ಎಷ್ಟು ಟನ್, ತೂಕದ ಚೀಟಿ ಕೊಡ್ತೀರಾ?" ಇದಕ್ಕೆ ನೇರವಾಗಿ ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಸಿ.