ರಾಟೆಯ ಬಿಲ್ಲು: ಎಷ್ಟು ಬಲ, ಎಂತಹ ಬಾಣ?

ಶಿವಧನುಸ್ಸನ್ನು ಎತ್ತಹೋಗಿ ಅದರಡಿ ಸಿಕ್ಕಿಬಿದ್ದ ರಾವಣನ ಪಾಡನ್ನು ಬಯಲಾಟದಲ್ಲಿಯೋ ಹರಿಕಥೆಯಲ್ಲಿಯೋ ಕೇಳಿ ನಕ್ಕವರು ನಮ್ಮಲ್ಲಿ ಅನೇಕರು. ಆದರೆ ಬಿಲ್ವಿದ್ಯೆಯನ್ನು ಹೊಸದಾಗಿ ಕಲಿಯಹೊರಟ ತರುಣರು ಇಂದಿಗೂ ಮಾಡುವ ಮೊದಲನೆಯ ತಪ್ಪು ಅದೇ ಆಗಿದೆ. ತಮ್ಮ ತೋಳಿಗೆ ಮೀರಿದ ಬಿಲ್ಲನ್ನು ಅವರು ಆರಿಸಿಕೊಳ್ಳುತ್ತಾರೆ. ಕಾಂಪೌಂಡ್ ಬಿಲ್ಲಿನ ವಿಷಯದಲ್ಲಂತೂ ಮೋಸಹೋಗುವುದು ಇನ್ನಷ್ಟು ಸುಲಭ. ಕಾರಣವೇನೆಂದರೆ, ಆ ಬಿಲ್ಲು ಮೊದಲು ಗದರಿಸಿ ಆಮೇಲೆ ಸಮಾಧಾನಪಡಿಸುವ ಸ್ವಭಾವದ್ದು.

ಅಮೆರಿಕದ ಮಿಸೂರಿ ಪ್ರಾಂತದ ಹಾಲಿಸ್ ವಿಲ್ಬರ್ ಆಲೆನ್ ಎಂಬಾತನು 1966ರಲ್ಲಿ ಈ ಬಿಲ್ಲಿಗಾಗಿ ಪೇಟೆಂಟ್ ಕೋರಿದನು. 1969ರಲ್ಲಿ ಅದು ದೊರೆಯಿತು. ಬಿಲ್ಲಿನ ಎರಡು ತುದಿಗಳಿಗೂ ಒಂದೊಂದು ರಾಟೆಯನ್ನು ಜೋಡಿಸಿದುದೇ ಅವನ ಯುಕ್ತಿ. ನಮ್ಮ ಬಾವಿಯ ರಾಟೆಯನ್ನು ನೆನೆದುಕೊಳ್ಳಿ. ಅದರ ಅಚ್ಚು ಸರಿಯಾಗಿ ನಡುವೆ ಇರುವುದರಿಂದ ಹಗ್ಗದ ಎರಡು ಪಕ್ಕಗಳೂ ಅಚ್ಚಿನಿಂದ ಸಮದೂರದಲ್ಲಿರುತ್ತವೆ. ಕೊಡದ ಭಾರವೆಷ್ಟೋ ನಮ್ಮ ಸೆಳೆತವೂ ಅಷ್ಟೇ. ಆ ಅಚ್ಚನ್ನು ಒಂದು ಪಕ್ಕಕ್ಕೆ ಸರಿಸಿದೆವೆನ್ನಿ. ರಾಟೆ ತಿರುಗಿದಂತೆಲ್ಲ ಸನ್ನೆಗೋಲಿನ ತೋಳುಗಳು ಬದಲಾಗುತ್ತ, ಕೊಡವು ಒಮ್ಮೆ ಭಾರವಾಗಿಯೂ ಒಮ್ಮೆ ಹಗುರವಾಗಿಯೂ ತೋರುವುದು. ಆಲೆನ್ನನ ಬಿಲ್ಲಿನಲ್ಲಿ ಆಗುವುದೂ ಇದೇ. ಹೆದೆಯನ್ನು ಸೆಳೆಯತೊಡಗಿದಾಗ ಹೆದೆಯ ಕಡೆಯ ತೋಳು ಗಿಡ್ಡ, ಬಿಲ್ಲಿನ ರೆಕ್ಕೆಗಳನ್ನು ಬಗ್ಗಿಸುವ ತಂತಿಯ ಕಡೆಯ ತೋಳು ಉದ್ದ. ಆದುದರಿಂದ ಸೆಳೆತ ಬಹು ಬೇಗ ಬಿಗಿಯುತ್ತದೆ. ಕೊನೆಯಲ್ಲಿ ಸ್ಥಿತಿ ತಲೆಕೆಳಗಾಗುತ್ತದೆ. ರೆಕ್ಕೆಗಳು ಅತ್ಯಂತ ಬಾಗಿರುವ ಹೊತ್ತಿನಲ್ಲಿಯೇ ಕೈಗೆ ಭಾರ ಕಡಮೆ! ಈ ಇಳಿತವು ಸಾಮಾನ್ಯವಾಗಿ ನೂರಕ್ಕೆ 65ರಿಂದ 80ರಷ್ಟಿರುತ್ತದೆ.

ಇದರ ಲಾಭವನ್ನು ಲೆಕ್ಕಹಾಕಿ ನೋಡೋಣ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. 50 ಪೌಂಡೆಂದರೆ ಸುಮಾರು 222 ನ್ಯೂಟನ್. ಹಳೆಯ ಬಗೆಯ ಬಿಲ್ಲಿನಲ್ಲಿ ಬಲವು ಸೊನ್ನೆಯಿಂದ ಮೆಲ್ಲಮೆಲ್ಲನೆ ಏರುವುದರಿಂದ, ಅರ್ಧ ಮೀಟರು ಸೆಳೆದಾಗ ಅದರಲ್ಲಿ ಶೇಖರವಾಗುವುದು ಹೆಚ್ಚು ಕಡಮೆ 55 ಜೂಲ್. ರಾಟೆಯ ಬಿಲ್ಲು ಬೇಗನೆ ಶಿಖರವನ್ನು ಮುಟ್ಟಿ ಬಹು ದೂರ ಅಲ್ಲಿಯೇ ನಿಲ್ಲುವುದರಿಂದ, ಅದೇ 50 ಪೌಂಡಿಗೆ 80 ಜೂಲಿನ ಆಸುಪಾಸು ದೊರೆಯಬಹುದು. ಅಂದಮೇಲೆ ಹಳೆಯ ಬಿಲ್ಲಿನಲ್ಲಿ 50 ಪೌಂಡು ಸೆಳೆಯುತ್ತಿದ್ದವನಿಗೆ ಇಲ್ಲಿ ಅಷ್ಟು ಬೇಕಾಗುವುದೇ ಇಲ್ಲ.

ಆದರೆ ಅಂಗಡಿಯಲ್ಲಿ ನಡೆಯುವುದೇ ಬೇರೆ. 60 ಪೌಂಡಿನ ಬಿಲ್ಲು ನೂರಕ್ಕೆ 75 ಇಳಿದರೆ ಹಿಡಿದು ನಿಲ್ಲಬೇಕಾದುದು 15 ಪೌಂಡು, ಎಂದರೆ ಸುಮಾರು 7 ಕಿಲೋಗ್ರಾಂ, ಅರ್ಧ ಬಕೆಟ್ಟು ನೀರು. “ಇಷ್ಟೇ ತಾನೆ?” ಎನ್ನಿಸುತ್ತದೆ. ಆ ಅರ್ಧ ಬಕೆಟ್ಟನ್ನು ಮುಟ್ಟುವ ಮೊದಲು 27 ಕಿಲೋಗ್ರಾಂ ಭಾರದ ದಿಬ್ಬವನ್ನು ದಾಟಬೇಕು. ಒಂದು ಸಲವಲ್ಲ, ದಿನದ ಅಭ್ಯಾಸದಲ್ಲಿ ನೂರಾರು ಸಲ. ಬೆನ್ನಿನ ಸ್ನಾಯುಗಳು ಸಾಲದಿದ್ದರೆ ಆ ಹೊರೆ ಭುಜದ ಕೀಲಿನ ಮೇಲೆ ಬೀಳುತ್ತದೆ. ಅಲ್ಲಿ ಒಮ್ಮೆ ನೋವು ಮನೆಮಾಡಿತೆಂದರೆ ತಿಂಗಳುಗಟ್ಟಲೆ ಬಿಲ್ಲನ್ನು ಮುಟ್ಟುವಂತಿಲ್ಲ.

ಪರೀಕ್ಷೆ ಸರಳವಾಗಿದೆ. ಕುರ್ಚಿಯ ಮೇಲೆ ಕುಳಿತು ಪಾದಗಳನ್ನು ನೆಲದಿಂದ ಎತ್ತಿ, ಬಿಲ್ಲನ್ನು ಗುರಿಯ ಮಟ್ಟದಲ್ಲಿಯೇ ಹಿಡಿದು ಹೆದೆಯನ್ನು ನಿಧಾನವಾಗಿ ಸೆಳೆಯಿರಿ. ಹಾಗೆಯೇ ನಿಧಾನವಾಗಿ ಹಿಂದಕ್ಕೆ ಬಿಡಿ. ಬರಿಯ ಹೆದೆಯನ್ನು ಮಾತ್ರ ಎಂದೂ ಚಿಮ್ಮಿಸಕೂಡದು. ಮೈ ತಿರುಚದೆ, ಬಿಲ್ಲನ್ನು ಆಕಾಶಕ್ಕೆತ್ತದೆ ಸೆಳೆಯಲಾಗದಿದ್ದರೆ ಆ ಬಿಲ್ಲು ನಿಮ್ಮದಲ್ಲ. ಆಕಾಶಕ್ಕೆತ್ತಿ ಸೆಳೆಯುವವನ ಕೈ ಜಾರಿದರೆ ಬಾಣವು ಮೈದಾನದ ಬೇಲಿಯನ್ನು ದಾಟಿ ಎಲ್ಲಿ ಬಿದ್ದೀತೆಂದು ಹೇಳಲು ಬಾರದು. ಕಾಲೇಜಿನ ವಯಸ್ಸಿನವರು 30ರಿಂದ 40 ಪೌಂಡಿನಲ್ಲಿ ತೊಡಗುವುದು ವಿವೇಕ. ರೆಕ್ಕೆಗಳ ಬುಡದ ಬೋಲ್ಟುಗಳನ್ನು ತಿರುಗಿಸಿ ಅನೇಕ ಬಿಲ್ಲುಗಳಲ್ಲಿ ಹತ್ತು ಪೌಂಡಿನಷ್ಟು ಏರಿಸುವುದಕ್ಕೆ ಅವಕಾಶವಿರುವುದರಿಂದ ಅವಸರ ಬೇಕಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮವೇ 60 ಪೌಂಡನ್ನು ಮೀರಬಾರದೆನ್ನುತ್ತದೆ. ಅಲ್ಲಿನ ಗುರಿ 50 ಮೀಟರು ದೂರ, ಹತ್ತು ಅಂಕದ ವೃತ್ತ 8 ಸೆಂಟಿಮೀಟರು ಅಗಲ. 2023ರಲ್ಲಿ ಬರ್ಲಿನ್ನಿನಲ್ಲಿ ನಮ್ಮ ಅದಿತಿ ಸ್ವಾಮಿ ಜಗಜ್ಜೇತೆಯಾದಾಗ ಆಕೆಗೆ ಹದಿನೇಳೇ ವರ್ಷ.

ಬಲದಂತೆ ಸೆಳೆತದ ಉದ್ದವೂ ಮೈಗೆ ಒಪ್ಪಬೇಕು. ಎರಡು ತೋಳುಗಳನ್ನು ಚಾಚಿ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ: 170 ಸೆಂಟಿಮೀಟರಿಗೆ 68, ಎಂದರೆ ಸುಮಾರು 27 ಅಂಗುಲ.

ಇನ್ನು ಬಾಣ. ಬಾಣವು ಕಡ್ಡಿಯಂತೆ ನೆಟ್ಟಗೆ ಹಾರುತ್ತದೆಂದು ನಾವು ನಂಬಿರುವೆವು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿಯು ಅತಿವೇಗದ ಛಾಯಾಚಿತ್ರಗಳಿಂದ ಈ ನಂಬಿಕೆಯನ್ನು ಮುರಿದನು. ಹಿಂದಿನಿಂದ ತಟಕ್ಕನೆ ನೂಕಿದ ಬಿದಿರು ದಬ್ಬೆಯಂತೆ ಬಾಣವು ಬಾಗುತ್ತದೆ, ಬಳುಕುತ್ತದೆ, ಮೀನಿನಂತೆ ಈಜುತ್ತದೆ. ಯಂತ್ರಕೊಕ್ಕೆಯಿಂದ ಹೆದೆಯನ್ನು ಬಿಡುವ ಕಾಂಪೌಂಡ್ ಬಿಲ್ಲಿನಲ್ಲಿ ಪಕ್ಕದ ಬಳುಕು ಕಡಮೆ. ಆದರೂ ಬಾಗುವುದು ತಪ್ಪದು. ಬಲಕ್ಕೆ ತಕ್ಕ ಬಿಗುಪು ಬಾಣದಲ್ಲಿರಬೇಕು.

ಬಿಗುಪಿನ ಅಳತೆಗೆ ಸ್ಪೈನ್ ಎಂದು ಹೆಸರು. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣದ ಕೋಲನ್ನಿಟ್ಟು ನಡುವೆ 880 ಗ್ರಾಂ ತೂಕವನ್ನು ತೂಗಹಾಕುತ್ತಾರೆ. ಅದು ಅರ್ಧ ಅಂಗುಲ ಜಗ್ಗಿದರೆ ಸ್ಪೈನ್ 500. ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು ಎಂಬುದನ್ನು ಮರೆಯಬಾರದು. ಹೊಸಬರು ಇದನ್ನು ತಿರುವುಮುರುವಾಗಿ ತಿಳಿಯುವುದುಂಟು. 40 ಪೌಂಡಿಗೆ 600ರ ಸುತ್ತಿನದು, 60 ಪೌಂಡಿಗೆ 400ರ ಸುತ್ತಿನದು ಎಂಬುದು ಸ್ಥೂಲವಾದ ಮಾತು. ಕೋಲು ಉದ್ದವಾದರೂ ಮೊನೆ ಭಾರವಾದರೂ ಅದೇ ಬಾಣ ಮೆದುವಿನಂತೆ ವರ್ತಿಸುವುದರಿಂದ, ತಯಾರಕರ ಕೋಷ್ಟಕವನ್ನು ನೋಡಿಯೇ ಕೊಳ್ಳಬೇಕು. ಪೂರ್ತಿ ಸೆಳೆದಾಗ ಬಾಣವು ತನ್ನ ಆಸರೆಯಿಂದ ಒಂದು ಅಂಗುಲವಾದರೂ ಮುಂದೆ ಚಾಚಿರಲಿ. ಗಿಡ್ಡವಾದ ಬಾಣವು ಆಸರೆಯಿಂದ ಜಾರಿ, ಬಿಲ್ಲು ಹಿಡಿದ ಕೈಯನ್ನೇ ತೂರಬಹುದು.

ಹಗುರವಾದ ಬಾಣ ವೇಗವಾಗಿ ಹೋಗುವುದು ನಿಜ. ಆದರೆ ಬಾಣವು ಹೊತ್ತೊಯ್ಯದ ಶಕ್ತಿ ಎಲ್ಲಿಗೆ ಹೋದೀತು? ರೆಕ್ಕೆ, ತಂತಿ, ರಾಟೆಗಳಿಗೇ ಹಿಂದಿರುಗಿ ಅವನ್ನು ಒಡೆಯುತ್ತದೆ. ಅದಕ್ಕಾಗಿಯೇ ಪೌಂಡಿಗೆ ಐದು ಗ್ರೇನ್ ತೂಕವಾದರೂ ಇರಬೇಕೆಂಬ ಕಟ್ಟಳೆ: 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಎಂದರೆ 16 ಗ್ರಾಂ. ನನ್ನ ಮಟ್ಟಿಗೆ ಹೇಳುವುದಾದರೆ ಈ ಎಲ್ಲೆಯ ಹತ್ತಿರಕ್ಕೂ ಹೋಗಬೇಕಾಗಿಲ್ಲ. ಸೆಕೆಂಡಿಗೆ 80 ಮೀಟರು ವೇಗದ ಬಾಣ 50 ಮೀಟರು ಹೋಗುವಷ್ಟರಲ್ಲಿ ಸುಮಾರು 1.9 ಮೀಟರು ಇಳಿಯುತ್ತದೆ; 70 ಮೀಟರು ವೇಗದ್ದು 2.5 ಮೀಟರು. ದೂರ ಗೊತ್ತಿರುವಾಗ ಈ ವ್ಯತ್ಯಾಸವನ್ನು ಗುರಿನೋಟದ ಸೂಜಿಯೊಂದು ಸರಿಪಡಿಸುತ್ತದೆ. ನಡುಗುವ ತೋಳನ್ನು ಯಾವ ಸೂಜಿಯೂ ಸರಿಪಡಿಸದು.

ಕಾರ್ಬನ್ ಬಾಣಗಳನ್ನು ಪ್ರತಿಸಲವೂ ಹೂಡುವ ಮುನ್ನ ಕೈಯಲ್ಲಿ ತುಸು ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ಆಲಿಸಬೇಕು. ಚಿಟಕೆಂಬ ಸದ್ದು ಕೇಳಿದರೆ ಅದನ್ನು ಅಲ್ಲಿಯೇ ಮುರಿದು ಬಿಸಾಡಿ, ಬತ್ತಳಿಕೆಗೆ ಮರಳಿಸಬೇಡಿ.