ಕಿವಿಮೊರೆತಕ್ಕೆ ಹಿನ್ನೆಲೆ ಸದ್ದು

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ‘ಗುಂಯ್’ ಎಂದೋ ‘ಕೀಂ’ ಎಂದೋ ನಾದ ಕೇಳಿಸುವುದುಂಟು. ಇದೇ ಕಿವಿಮೊರೆತ. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದು ಕ್ಷಣಕಾಲ ಬಂದು ಹೋಗುತ್ತದೆ. ಕೆಲವರಲ್ಲಿ ಮಾತ್ರ ಬಿಡದೆ ನಿಲ್ಲುತ್ತದೆ. ತನ್ನ ಕಿವಿಗಳು ಹಗಲಿರುಳೂ ಮೊರೆಯುತ್ತಿವೆ ಎಂದು ಸಂಗೀತಗಾರ ಬೀಥೋವನ್ 1801ರಲ್ಲಿ ವೈದ್ಯ ಮಿತ್ರನೊಬ್ಬನಿಗೆ ಪತ್ರ ಬರೆದು ತೋಡಿಕೊಂಡಿದ್ದ.

ಇಂಥವರಿಗೆ ರಾತ್ರಿಯೇ ಹೆಚ್ಚು ಕಷ್ಟ. ನೆಮ್ಮದಿಗಾಗಿ ಕಿಟಕಿ ಬಾಗಿಲು ಮುಚ್ಚಿ ಮಲಗಿದರೆ ಮೊರೆತ ಇನ್ನಷ್ಟು ಜೋರಾಗಿ ಕೇಳಿಸುತ್ತದೆ. ಫ್ಯಾನ್ ಹಾಕಿದರೆ ಅಥವಾ ಮಳೆ ಸುರಿಯತೊಡಗಿದರೆ ಎಷ್ಟೋ ಹಗುರವೆನಿಸುತ್ತದೆ. ಸದ್ದಿಗೆ ಸದ್ದೇ ಮದ್ದಾಗುವುದು ಹೇಗೆ?

ಗಾಳಿಯಲ್ಲಿಲ್ಲದ ಸದ್ದು

ಮೊದಲು ಈ ಮೊರೆತ ಎಲ್ಲಿದೆ ಎಂಬುದನ್ನು ನೋಡೋಣ. 256 ಮತ್ತು 260 ಹರ್ಟ್ಸ್ ಆವೃತ್ತಿಯ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಮಿಡಿದರೆ ಸದ್ದು ಸೆಕೆಂಡಿಗೆ 4 ಬಾರಿ ಏರಿಳಿಯುತ್ತದೆ. ಇವೇ ವಿಸ್ಪಂದಗಳು. ತಂಬೂರಿಯ ಶ್ರುತಿ ಕೂಡಿಸುವವರು ಈ ಏರಿಳಿತವನ್ನೇ ಗಮನಿಸುತ್ತಾರೆ. ಈಗ, ಸುಮಾರು 4000 ಹರ್ಟ್ಸ್ ಮೊರೆತವಿರುವ ವ್ಯಕ್ತಿಗೆ ಅದಕ್ಕೆ ತೀರ ಹತ್ತಿರದ ಆವೃತ್ತಿಯ ಸ್ವರವನ್ನು ಹೊರಗಿನಿಂದ ಕೇಳಿಸಿ. ಸಾಮಾನ್ಯವಾಗಿ ವಿಸ್ಪಂದ ಉಂಟಾಗುವುದೇ ಇಲ್ಲ! ಅಂದರೆ ಮೊರೆತವು ಅಲೆಯಲ್ಲ. ಅದು ನರವ್ಯೂಹದಲ್ಲಿ ಹುಟ್ಟುವ ಸಂವೇದನೆ. ಅಲೆಯ ಉಬ್ಬಿಗೆ ಇನ್ನೊಂದು ಅಲೆಯ ತಗ್ಗನ್ನು ಸೇರಿಸಿ ಸದ್ದನ್ನು ಅಳಿಸುವ ಹೆಡ್‌ಫೋನ್ ತಂತ್ರ ಇಲ್ಲಿ ನಡೆಯದಿರುವುದೂ ಇದರಿಂದಲೇ.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುವ ಕಾಕ್ಲಿಯ ಇದೆ. ಅದರಲ್ಲಿ ಸುಮಾರು 3500 ಒಳಸಾಲಿನ ಹಾಗೂ 12,000 ಹೊರಸಾಲಿನ ರೋಮಕೋಶಗಳಿವೆ. ಭಾರಿ ಸದ್ದಿನಿಂದಲೋ ವಯಸ್ಸಿನಿಂದಲೋ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಗ ಮಿದುಳಿಗೆ ತಲುಪುವ ಸಂಕೇತ ಕ್ಷೀಣಿಸುತ್ತದೆ. ಸ್ಟೇಷನ್ ಸರಿಯಾಗಿ ಸಿಗದಾಗ ನಾವು ರೇಡಿಯೋದ ವಾಲ್ಯೂಮ್ ಹೆಚ್ಚಿಸುವುದಿಲ್ಲವೇ? ಮಿದುಳೂ ಹಾಗೆಯೇ ತನ್ನ ವರ್ಧನೆಯನ್ನು ಹೆಚ್ಚಿಸಿಕೊಳ್ಳುತ್ತದೆ, ನರಗಳಲ್ಲಿ ಸದಾ ಇರುವ ಗೊಂದಲ ಸಂಕೇತಗಳು ‘ಸುಂಯ್’ ಎಂದು ಕೇಳತೊಡಗುತ್ತವೆ ಎಂಬುದು ಇಂದು ಬಹಳ ವಿಜ್ಞಾನಿಗಳು ಒಪ್ಪುವ ವಿವರಣೆ.

ಕಿವಿ ಚೆನ್ನಾಗಿರುವವರೂ ಇದಕ್ಕೆ ಹೊರತಲ್ಲ. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಸಂಶೋಧಕರು 1953ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಶ್ರವಣದ ತೊಂದರೆಯಿಲ್ಲದ 80 ಮಂದಿಯನ್ನು ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿದರು. ಶೇಕಡಾ 94 ಮಂದಿ ತಮಗೆ ಏನೋ ಸದ್ದು ಕೇಳಿಸಿತು ಎಂದರು!

ಮುಳುಗಿಸುವುದಲ್ಲ, ಅಂತರ ತಗ್ಗಿಸುವುದು

ಹೊರ ಸದ್ದಿನ ಉಪಾಯ ಹೊಸದಲ್ಲ. ಫ್ರಾನ್ಸಿನ ವೈದ್ಯ ಇಟಾರ್ 1821ರ ತನ್ನ ಕಿವಿರೋಗಗಳ ಗ್ರಂಥದಲ್ಲಿ ಉರಿಯುವ ಹಸಿ ಸೌದೆಯ ಸದ್ದು, ನೀರಿನ ಗಿರಣಿಯ ಸದ್ದು ಇವುಗಳನ್ನು ಸೂಚಿಸಿದ್ದ. 1970ರ ದಶಕದಲ್ಲಿ ಅಮೆರಿಕದ ಜಾಕ್ ವರ್ನನ್ ಕಿವಿಗೆ ಧರಿಸುವ ಪುಟ್ಟ ಸದ್ದುಸಾಧನಗಳನ್ನು ಬಳಕೆಗೆ ತಂದರು. ಮೊರೆತವನ್ನು ಪೂರ್ತಿ ಮುಚ್ಚಿಹಾಕುವುದು ಆಗಿನ ಗುರಿ. 1990ರಲ್ಲಿ ಪಾವೆಲ್ ಜಾಸ್ಟ್ರೆಬಾಫ್ ಬೇರೆಯೇ ವಿಚಾರ ಮುಂದಿಟ್ಟರು. ಮೊರೆತ ಕೇಳಿಸುತ್ತಲೇ ಇರಲಿ. ಆದರೆ ಅದು ಅಪಾಯದ ಸೂಚನೆಯಲ್ಲ ಎಂದು ಮಿದುಳು ಕಲಿತು ಅದನ್ನು ಅಲಕ್ಷಿಸಲಿ ಎಂಬುದು ಅದರ ತಿರುಳು. ಗೋಡೆ ಗಡಿಯಾರದ ಟಿಕ್‌ಟಿಕ್ ನಮಗೆ ಮರೆತುಹೋಗುವಂತೆ ಇದು. ಪೂರ್ತಿ ಮುಚ್ಚಿದ ಸದ್ದಿಗೆ ಮಿದುಳು ಒಗ್ಗಿಕೊಳ್ಳುವುದಾದರೂ ಹೇಗೆ?

ಒಂದು ಸರಳ ಲೆಕ್ಕ ಮಾಡಿ. ಡೆಸಿಬೆಲ್ ಎಂಬುದು ಅನುಪಾತದ ಮಾನ: 10 ಡೆಸಿಬೆಲ್ ಅಂತರವೆಂದರೆ ತೀವ್ರತೆ 10 ಪಟ್ಟು, 3 ಡೆಸಿಬೆಲ್ ಅಂತರವೆಂದರೆ ಸುಮಾರು 2 ಪಟ್ಟು. ಒಬ್ಬರ ಮೊರೆತ 30 ಡೆಸಿಬೆಲ್ ಸದ್ದಿಗೆ ಸಮನೆನ್ನಿ. ಕೋಣೆಯ ಹಿನ್ನೆಲೆ ಸದ್ದು 20 ಡೆಸಿಬೆಲ್ ಇದ್ದರೆ ಮೊರೆತ ಅದರ 10 ಪಟ್ಟು. ಹಿನ್ನೆಲೆಯನ್ನು 27ಕ್ಕೆ ಏರಿಸಿದರೆ ಅದು ಕೇವಲ 2 ಪಟ್ಟು. ಮೊರೆತ ಅಲೆಯಲ್ಲವಾದ್ದರಿಂದ ಇದು ಅಂದಾಜಿನ ಹೋಲಿಕೆ ಮಾತ್ರ. ಆದರೂ ಮುಖ್ಯ ಅಂಶ ಸ್ಪಷ್ಟ: ಮೊರೆತ ಕಡಿಮೆಯಾಗಲಿಲ್ಲ, ಅಂತರ ಕಡಿಮೆಯಾಯಿತು. ಕತ್ತಲೆಯಲ್ಲಿ ಕಣ್ಣು ಸೆಳೆಯುವ ಹಣತೆ ಹಗಲಿನಲ್ಲಿ ಗಮನಕ್ಕೇ ಬರುವುದಿಲ್ಲ.

ಯಾವ ಸದ್ದು, ಎಷ್ಟು?

ಅರ್ಥವಿಲ್ಲದ, ಏರಿಳಿತ ಕಡಿಮೆಯಿರುವ ಸದ್ದು ಒಳ್ಳೆಯದು: ಫ್ಯಾನ್, ಮಳೆ, ಹರಿಯುವ ನೀರು. ಮಾತು ಮತ್ತು ಹಾಡು ಗಮನವನ್ನೇ ಸೆಳೆಯುತ್ತವೆ. ಉಪಕರಣಗಳಲ್ಲಿ ಬಿಳಿ ಸದ್ದು ಎಂಬುದಿರುತ್ತದೆ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳಿರುವಂತೆ ಇದರಲ್ಲಿ ಎಲ್ಲ ಆವೃತ್ತಿಗಳಿಗೂ ಸಮಾನ ಶಕ್ತಿ. ಕೆಲವರಿಗೆ ಅದು ತೀಕ್ಷ್ಣವೆನಿಸುತ್ತದೆ. ಆವೃತ್ತಿ ಹೆಚ್ಚಿದಂತೆ ಶಕ್ತಿ ಇಳಿಯುವ ‘ಗುಲಾಬಿ ಸದ್ದು’ ಅಂಥವರಿಗೆ ಹಿತ.

ಹಿನ್ನೆಲೆ ಸದ್ದು ಮೊರೆತಕ್ಕಿಂತ ತುಸು ಮೆಲ್ಲಗಿದ್ದು, ಎರಡೂ ಕೇಳುತ್ತಿರಬೇಕು. ಇಯರ್‌ಫೋನ್ ಹಾಕಿ ಜೋರು ಸದ್ದಿನಲ್ಲಿ ಮೊರೆತವನ್ನು ಮುಳುಗಿಸಲು ಹೋದರೆ ಉಳಿದ ರೋಮಕೋಶಗಳೂ ಹಾಳಾದಾವು. ವಿಶ್ವ ಆರೋಗ್ಯ ಸಂಸ್ಥೆ ವೈಯಕ್ತಿಕ ಆಡಿಯೋ ಸಾಧನಗಳಿಗೆ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರಿಗೆ 80 ಡೆಸಿಬೆಲ್ ಸದ್ದಾದರೆ ವಾರಕ್ಕೆ 40 ಗಂಟೆ ಮಿತಿ. ಸದ್ದು 3 ಡೆಸಿಬೆಲ್ ಏರಿದರೆ ಈ ಅವಧಿ ಅರ್ಧವಾಗುತ್ತದೆ.

ಮಿತಿಗಳು

ಇದು ರೋಗವನ್ನು ವಾಸಿಮಾಡುವ ಚಿಕಿತ್ಸೆಯಲ್ಲ. ಶ್ರವಣ ಸಾಧನ ಮತ್ತು ಸದ್ದುಸಾಧನಗಳ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಗೆ, ಯಾವೊಂದು ಸಾಧನವೂ ಇನ್ನೊಂದಕ್ಕಿಂತ ಮೇಲೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದ್ದರಿಂದ ‘ಮೊರೆತ ಸಂಪೂರ್ಣ ಗುಣ’ ಎನ್ನುವ ದುಬಾರಿ ಯಂತ್ರಗಳ ಜಾಹೀರಾತಿಗೆ ಮರುಳಾಗಬೇಡಿ. ಫ್ಯಾನಿನ ಸದ್ದನ್ನೇ ಮೊದಲು ಪ್ರಯತ್ನಿಸಿ ನೋಡಬಹುದು. ಕಿವಿ ಮಂದವಾಗಿರುವವರಿಗೆ ಶ್ರವಣ ಸಾಧನದಿಂದ ಸುತ್ತಲಿನ ಸದ್ದುಗಳು ಮರಳುವುದರಿಂದ ಎಷ್ಟೋ ಅನುಕೂಲ. ಮೊರೆತದಿಂದಾಗುವ ಸಂಕಟ ತಗ್ಗಿಸಲು ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆಯನ್ನು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲಿ ಶಿಫಾರಸು ಮಾಡಿತು.

ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದೊಡನೆ ಮಿಡಿಯುತ್ತಿದ್ದರೆ, ಅಥವಾ ಕಿವಿ ಹಠಾತ್ತನೆ ಮಂದವಾದರೆ ಹಿನ್ನೆಲೆ ಸದ್ದನ್ನು ನೆಚ್ಚದೆ ತಡಮಾಡದೆ ತಜ್ಞವೈದ್ಯರನ್ನು ಕಾಣಬೇಕು. ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಸೌಲಭ್ಯವಿದೆ.

ಶಿಕ್ಷಕರಿಗೊಂದು ಮಾತು. ಜಾತ್ರೆಯ ಧ್ವನಿವರ್ಧಕದ ಬಳಿ ನಿಂತು ಬಂದ ಅಥವಾ ಪಟಾಕಿ ಹೊಡೆದು ಬಂದ ವಿದ್ಯಾರ್ಥಿ ‘ಕಿವಿ ಗುಂಯ್ ಅಂತಿದೆ ಸಾರ್’ ಎಂದರೆ ನಕ್ಕು ಸುಮ್ಮನಾಗಬೇಡಿ. ಅದು ರೋಮಕೋಶಗಳಿಗೆ ಪೆಟ್ಟು ಬಿದ್ದಿರುವುದರ ಸೂಚನೆ. ಡೆಸಿಬೆಲ್ ಪಾಠವನ್ನು ಅಂದೇ ಮಾಡಿ.